ಆಫ್ ಬಿಟ್ಟು ಹೋದ ಗಂಡು

ಹೊಳೆನರಸೀಪುರದ ಪಟ್ಟಾಭಿರಾಮರ ಮನೆಗೆ ಆರತಿಯನ್ನು ನೋಡಲು ಬಂದ ಗಂಡುಗಳ ಲೆಕ್ಕವನ್ನು ಮನೆಯವರು ಇಡುವುದು ಬಿಟ್ಟು ಬಹಳ ಕಾಲವಾಗಿತ್ತು. ಹುಡುಗಿ ಲಕ್ಷಣವಾಗಿದ್ದಳು, ಕನ್ನಡ ಬಿ.ಎ. ಮಾಡಿ ಊರಿನ ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು, ಬಾಯಿ ಸ್ವಲ್ಪ ಜೋರು ಅನ್ನುವುದು ಬಿಟ್ಟರೆ ಹೆಸರಿಡುವಂಥದ್ದೇನೂ ಇರಲಿಲ್ಲ. ಇದ್ದದ್ದು ಒಂದೇ ಕೊರತೆ, ಆಶ್ಲೇಷಾ ನಕ್ಷತ್ರ. ಆಶ್ಲೇಷಾ ಹೆಣ್ಣು ಹೊಸಿಲು ತುಳಿದರೆ ಅತ್ತೆಗೆ ಆಗಿಬರುವುದಿಲ್ಲವಂತೆ. ಯಾವ ಪುಣ್ಯಾತ್ಮ ಇದನ್ನು ಹೇಳಿದನೋ, ಕೈಗೆ ಸಿಕ್ಕಿದ್ದರೆ ಆರತಿ ಅವನಿಗೆ ಎರಡು ಮಾತು ಹೇಳದೆ ಬಿಡುತ್ತಿರಲಿಲ್ಲ. ಗಂಡಿನ ತಾಯಂದಿರಂತೂ ಜಾತಕ ನೋಡಿದ್ದೇ ಮಗನನ್ನು ಕರೆದುಕೊಂಡು ಸಿಕ್ಕಿದ ಬಸ್ಸು ಹತ್ತುತ್ತಿದ್ದರು.

ಹಾಗಿರುವಾಗ ತೊಂಬತ್ತೆಂಟರಲ್ಲಿ ಚನ್ನರಾಯಪಟ್ಟಣದ ಮುರಳೀಕೃಷ್ಣನ ಸಂಬಂಧ ಬಂತು. ಹಾಸನದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಾಯಿ ಇಲ್ಲ.

"ಅತ್ತೆ ಇಲ್ಲದ ಮನೆ ಕಣೇ, ನಿನ್ನ ಪುಣ್ಯ," ಎಂದರು ಅಜ್ಜಿ ಶ್ರೀರಂಗಮ್ಮ. ಆರತಿಯೂ ನಕ್ಕಳು.

ಪಟ್ಟಾಭಿರಾಮರು ತಾಲ್ಲೂಕು ಕಚೇರಿಯ ಗುಮಾಸ್ತರು, ಕಡತ ಮುಂದಕ್ಕೆ ಹಾಕುವುದರಲ್ಲಿ ಪಳಗಿದ ಕೈ. "ಮೊದಲು ಹುಡುಗಿ ನೋಡ್ಲಿ. ಜಾತಕ ಆಮೇಲೆ ಕೊಟ್ಟರಾಯ್ತು," ಎಂದು ನಿರ್ಧಾರ ಮಾಡಿದರು. ಅತ್ತೆಯೇ ಇಲ್ಲದ ಮೇಲೆ ನಕ್ಷತ್ರ ಯಾರನ್ನು ಏನು ಮಾಡೀತು ಎಂಬುದು ಅವರ ವಾದ. ಆದರೂ ಮೊದಲೇ ಹೇಳಲು ಧೈರ್ಯವಿರಲಿಲ್ಲ.

ಭಾನುವಾರ ಮುರಳೀಕೃಷ್ಣ ತಂದೆಯ ಜೊತೆ ಬಂದ. ಇಂಗ್ಲಿಷಿಗೂ ಆರತಿಗೂ ಪಿ.ಯು.ಸಿ.ಯಿಂದ ಎಣ್ಣೆ ಸೀಗೆಕಾಯಿ. ಡುಮ್ಕಿ ಹೊಡೆದದ್ದು ಅದೊಂದರಲ್ಲಿಯೇ. ಈ ಮನುಷ್ಯ ಎಲ್ಲಿ ಗ್ರಾಮರ್ ಕೇಳುತ್ತಾನೋ ಎಂದು ಹೆದರಿ ಕೂತಿದ್ದವಳಿಗೆ ಅವನು ಕೇಳಿದ್ದು ಬೇರೆ.

"ನಿಮ್ಮ ಶಿಶುವಿಹಾರದಲ್ಲಿ ಮಕ್ಕಳು ಅತ್ತರೆ ಏನು ಮಾಡ್ತೀರಿ?"

"ನಾನೂ ಜೊತೇಲಿ ಕೂತು ಅಳ್ತೀನಿ. ಅವಕ್ಕೇ ಗಾಬರಿಯಾಗಿ ಸುಮ್ಮನಾಗ್ತವೆ."

ಅವನು ಮನಸಾರೆ ನಕ್ಕ. ಆ ನಗುವಿಗೆ ಆರತಿ ಬಿದ್ದುಹೋದಳು. ಇಷ್ಟು ಜನ ಬಂದು ಹೋಗಿದ್ದರೂ ಒಬ್ಬ ತನ್ನವನಾಗಲಿ ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು.

ಆಮೇಲೆ ತಿಂಡಿ ಬಂತು. ಊರೆಲ್ಲ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೇಸರಿಭಾತು, ಉಪ್ಪಿಟ್ಟು ಮಾಡಿದರೆ ಶ್ರೀರಂಗಮ್ಮನವರದು ಗೊಜ್ಜವಲಕ್ಕಿ. ತರಿ ಮಾಡಿದ ಅವಲಕ್ಕಿಯನ್ನು ಹುಣಸೇಹುಳಿಯಲ್ಲಿ ನೆನೆಸಿ, ಬೆಲ್ಲ, ಸಾರಿನಪುಡಿ, ಕೊಬ್ಬರಿ ಎಲ್ಲ ಹಾಕಿ, ಕೊನೆಗೆ ಎಳ್ಳಿನ ಪುಡಿ ಉದುರಿಸಿ ಕೊಟ್ಟರೆ ಬೀದಿ ತುದಿಗೆ ಘಮ ಹೋಗಬೇಕು. ಮುರಳೀಕೃಷ್ಣ ಗಬಗಬ ತಿನ್ನತೊಡಗಿದ. ಅರ್ಧಕ್ಕೆ ಚಮಚ ನಿಂತಿತು. ಯಾರ ಮುಖವನ್ನೂ ನೋಡದೆ "ದಿಸ್ ಈಸ್ ವೆರಿ" ಎಂದು, ಆಮೇಲೊಂದು ಉದ್ದನೆಯ ಪದ ಹೇಳಿದ. ಅದು ರೆಮಿ ಎಂದು ಶುರುವಾಗಿ ಸೆಂಟ್ ಎಂದು ಮುಗಿಯಿತು. ತಟ್ಟೆ ಕೆಳಗಿಟ್ಟು ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದವನು ಎಷ್ಟೋ ಹೊತ್ತು ಬರಲೇ ಇಲ್ಲ. ಬಂದಾಗ ಮುಖ ತೊಳೆದಿದ್ದ. ಎಲ್ಲರಿಗೂ ನಮಸ್ಕಾರ ಮಾಡಿ ಹೊರಟೇಬಿಟ್ಟ.

ಬಾಗಿಲು ಹಾಕಿದ್ದೇ ಪಟ್ಟಾಭಿರಾಮರು ತಲೆಯ ಮೇಲೆ ಕೈ ಹೊತ್ತು ಕೂತರು.

"ರಿಮೈಂಡರ್ ಸೆಂಟ್ ಅಂದ ಕಣಮ್ಮ. ದಿನಾ ಬರೆಯೋ ಷರಾ, ನನಗೆ ಗೊತ್ತಿಲ್ವಾ? ಉತ್ತರ ಬರದೆ ಇರೋ ಕಾಗದಕ್ಕೆ ಎರಡನೇ ಸಲ ಜ್ಞಾಪಿಸೋದು. ಜಾತಕ ಕಳಿಸಿಲ್ಲ ಅಂತ ಚುಚ್ಚಿದ್ದು ಅದು."

"ನಿನ್ನ ತಲೆ," ಎಂದರು ಶ್ರೀರಂಗಮ್ಮ. "ಸೆಂಟು ಅಂದ. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಇವಳು ಯಾರದೋ ಸೆಂಟು ಪೂಸ್ಕೊಂಡು ತಟ್ಟೆ ಹಿಡಿದಳು, ಅದು ಅವಲಕ್ಕಿಗೆ ಹತ್ತಿದೆ. ಎಳ್ಳಿನ ಘಮ ಸಾಲ್ದಾಗಿತ್ತೇನೇ ನಿಂಗೆ?"

ಆರತಿಗೆ ಅಳು ಬಂತು. ಗೆಳತಿಯ ಸೀಸೆಯಿಂದ ಮಲ್ಲಿಗೆ ಸೆಂಟು ಹಾಕಿಕೊಂಡಿದ್ದು ನಿಜ.

ಕುರ್ಚಿ ತಂದುಕೊಡಲು ಬಂದಿದ್ದ ಕಚೇರಿಯ ಜವಾನ ಬೈರಯ್ಯ ಅರ್ಧ ಮಿಕ್ಕಿದ್ದ ತಟ್ಟೆ ಎತ್ತಿ ನೋಡಿದ. "ಅದೇನಂದ್ರೋ ನಾ ಕಾಣೆ ಸಾ. ಆಫ್ ಬುಟ್ಟೋಗವ್ರೆ, ಅಷ್ಟೇಯ."

ವಾರ ಕಳೆಯಿತು, ಇನ್ನೊಂದು ಕಳೆಯಿತು. ಆ ಕಡೆಯಿಂದ ಸುದ್ದಿಯಿಲ್ಲ. ಪಟ್ಟಾಭಿರಾಮರು ಇನ್ನೊಂದು ಸಂಬಂಧದ ಮಾತೆತ್ತಿದರು. ಆರತಿ ಕದ್ದು ಶಿಶುವಿಹಾರದ ಡಿಕ್ಷನರಿ ಹುಡುಕಿದಳು. ಸೆಂಟ್ ಎಂದು ಮುಗಿಯುವುದು ಅವಳ ಸ್ಪೆಲಿಂಗಿಗೆ ಸಿಗಲಿಲ್ಲ. ಹತ್ತಿರದ್ದು ಸಿಕ್ಕಿದ್ದು ರೆಮ್ನಂಟ್. ಅರ್ಥ, ಮಿಕ್ಕಿದ್ದು, ಅಳಿದುಳಿದದ್ದು. ತಂಗಳು ಬಡಿಸಿದರು ಅಂದುಕೊಂಡನೇ? ಇದೇನಾದರೂ ಅಜ್ಜಿಯ ಕಿವಿಗೆ ಬಿದ್ದರೆ ಹೇಮಾವತಿಗೆ ಹಾರುವುದೊಂದು ಬಾಕಿ. ಸುಳ್ಳೋ ನಿಜವೋ, ಅವನ ಬಾಯಿಂದಲೇ ಕೇಳಿಬಿಡಬೇಕು ಎಂದು ಹಟ ಹತ್ತಿತು. ಸೀರೆಗೆ ಫಾಲ್ ತರುತ್ತೇನೆ ಎಂದು ಹೇಳಿ ಹಾಸನದ ಬಸ್ಸು ಹತ್ತಿದಳು.

ಕಾಲೇಜಿನ ಗೇಟಿನಲ್ಲಿ ಅವಳನ್ನು ಕಂಡು ಮುರಳೀಕೃಷ್ಣನ ಕೈಯಲ್ಲಿದ್ದ ಪುಸ್ತಕ ಜಾರಿತು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಹೇಳಿದ.

"ಮದುವೆ ಮಾತಿಗೆ ಬಂದಿಲ್ಲ ಸರ್," ಎಂದಳು ಆರತಿ. "ಅವತ್ತು ಒಂದು ಪದ ಅಂದ್ರಲ್ಲ, ಅದೇನು ಹೇಳಿಬಿಡಿ. ನಮ್ಮಪ್ಪನ ಪ್ರಕಾರ ರಿಮೈಂಡರ್ ಸೆಂಟ್. ಅಜ್ಜಿ ಪ್ರಕಾರ ಸೆಂಟು. ನನ್ನ ಪ್ರಕಾರ ತಂಗಳು."

ಅವನು ಮೊದಲು ಕಣ್ಣು ಬಿಟ್ಟ, ಆಮೇಲೆ ಕಾಫಿ ನೆತ್ತಿಗೆ ಹತ್ತುವಷ್ಟು ನಕ್ಕ. ನಗು ನಿಂತ ಮೇಲೆ ಮೇಷ್ಟ್ರ ಗತ್ತು ಬಂತು.

"ರೆಮಿನಿಸೆಂಟ್. ಮನುಷ್ಯನಿಗೆ ನೆನಪಾಗುತ್ತೆ ಅಂತ ಅಲ್ಲ, ವಸ್ತುವೇ ನೆನಪು ತರುತ್ತೆ ಅಂತ. ಇದನ್ನ ಕಂಡ್ರೆ ಅದು ಜ್ಞಾಪಕಕ್ಕೆ ಬರೋ ಹಾಗಿದೆ, ಅನ್ನೋ ಅರ್ಥ. ಆದ್ರೆ ನಾನು ತಪ್ಪು ಪ್ರಯೋಗ ಮಾಡ್ದೆ. ಅದನ್ನ ಹಾಗೆ ಒಂಟಿಯಾಗಿ ಬಿಡಬಾರ್ದು, ಮುಂದೆ ಆಫ್ ಬರಬೇಕು. ನಮ್ಮ ಹುಡುಗರು ಹಾಗೆ ಬರೆದ್ರೆ ನಾನೇ ಕೆಂಪು ಗೀಟು ಎಳೀತೀನಿ. ಅವತ್ತು ನಾನೇ ಆಫ್ ಬಿಟ್ಟುಬಿಟ್ಟೆ."

"ಹೂಂ, ಬೈರಯ್ಯನೂ ಅದನ್ನೇ ಅಂದ," ಎಂದಳು ಆರತಿ. "ಅರ್ಧಕ್ಕರ್ಧ ತಟ್ಟೇಲೇ ಇತ್ತು. ಅಜ್ಜಿಗೆ ಬೇಜಾರಾಗದೆ ಇರುತ್ತಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮತ್ತೆ ನಕ್ಕ. ನಗುನಗುತ್ತಲೇ ಮುಖ ಸಣ್ಣದಾಯಿತು.

"ಆಫ್ ಅಂದಮೇಲೆ ಯಾರ ನೆನಪು ಅಂತ ಹೇಳಬೇಕಲ್ಲ. ಅಮ್ಮ ಅನ್ನಬೇಕಿತ್ತು, ಬಾಯಿಗೆ ಬರಲಿಲ್ಲ. ಅದೇ ಹುಳಿ, ಅದೇ ಎಳ್ಳಿನ ಘಮ. ಅಮ್ಮ ಹೋದಮೇಲೆ ಎಲ್ಲೂ ಸಿಕ್ಕಿರಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ. ಅಳುಮುಂಜಿ ಗಂಡು ಅಂತ ನೀವೇ ಬೇಡ ಅಂದಿರಿ ಅಂದ್ಕೊಂಡು ಸುಮ್ಮನಾದೆ."

ಅತ್ತೆ. ಅವನು ಹೇಳಿದ್ದು ಅತ್ತುಬಿಟ್ಟೆ ಎಂಬ ಅರ್ಥದಲ್ಲಿ. ಆರತಿಯ ಕಿವಿಗೆ ಅದು ಬೇರೆಯಾಗಿಯೇ ಬಿತ್ತು. ನಿನ್ನ ಪುಣ್ಯ ಎಂದ ಅಜ್ಜಿಯ ಮಾತು, ತಾನು ನಕ್ಕದ್ದು, ಎರಡೂ ಒಟ್ಟಿಗೆ ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾದವು. ಈಗ ಬಾಯಿ ಮುಚ್ಚಿಕೊಂಡು ಕೂತರೆ ಮದುವೆ ಆಗುತ್ತದೆ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಾಯಿಗಾಗಿ ಅತ್ತ ಮುಖವನ್ನು ಎದುರಿಗಿಟ್ಟುಕೊಂಡು ಹಾಗೆ ಕೂರಲು ಅವಳಿಂದ ಆಗಲಿಲ್ಲ.

"ಜಾತಕ ಕೊಡದೆ ಇದ್ದದ್ದು ಬೇಕಂತಲೇ," ಎಂದಳು. "ನಂದು ಆಶ್ಲೇಷಾ. ನಿಮಗೆ ತಾಯಿ ಇಲ್ಲ ಅಂತ ಕೇಳಿ ನಮ್ಮನೇಲಿ ಪುಣ್ಯ ಅಂದ್ರು. ನಾನೂ ನಕ್ಕೆ."

ಮುರಳೀಕೃಷ್ಣ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಕೆಲಸ ಕೆಟ್ಟಿತು ಎಂದು ಆರತಿ ಬ್ಯಾಗು ಎತ್ತಿಕೊಂಡು ಎದ್ದಳು.

"ಕೂತ್ಕೊಳ್ಳಿ," ಎಂದ. "ನಮ್ಮಮ್ಮಂದೂ ಆಶ್ಲೇಷಾನೇ. ಅವರ ಅತ್ತೆ, ಅಂದ್ರೆ ನಮ್ಮಜ್ಜಿ, ಎಂಬತ್ತು ದಾಟಿದ್ರೂ ಚನ್ನರಾಯಪಟ್ಟಣದ ಮನೇಲಿ ಕೋಡುಬಳೆ ಕಟಕಟ ಅಂತ ಕಡೀತಾರೆ. ಹೋದದ್ದು ಅಮ್ಮ." ಲೋಟವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಕೇಳಿದ, "ಅವತ್ತಿನ ಆಫ್ ಬಾಕಿ ಇದೆ. ಬರಲಾ?"

ಮುಂದಿನ ಭಾನುವಾರ ಬಂದೇ ಬಂದ. ಆರತಿ ಸೆಂಟಿನ ತಂಟೆಗೆ ಹೋಗಲಿಲ್ಲ. ಇವರಿಬ್ಬರೂ ಹಾಸನದಲ್ಲಿ ಮಾತಾಡಿದ್ದನ್ನು ಕೇಳಿ ಪಟ್ಟಾಭಿರಾಮರು ಎರಡು ದಿನ ಮುಖ ದಪ್ಪ ಮಾಡಿಕೊಂಡು, ಆಮೇಲೆ ತಾವಾಗಿಯೇ ಜಾತಕವನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದರು. ಅದನ್ನು ಯಾರೂ ಕೇಳಲಿಲ್ಲ.

ಶ್ರೀರಂಗಮ್ಮ ತಟ್ಟೆ ತುಂಬ ಗೊಜ್ಜವಲಕ್ಕಿ ಕೊಟ್ಟು ಎದುರಿಗೇ ಕೂತರು. ಈ ಸಲ ಚಮಚ ನಿಲ್ಲಲಿಲ್ಲ. ಬೈರಯ್ಯ ತಟ್ಟೆ ತೆಗೆಯಲು ಬಗ್ಗಿದವನು ಹಲ್ಲು ಬಿಟ್ಟ. "ಈ ಕಿತ ಆಫ್ ಬುಟ್ಟಿಲ್ಲ ಬುಡಿ ಸಾ."

"ಇಲ್ಲ ಬೈರಯ್ಯ, ಬಿಡಲಿಲ್ಲ," ಎಂದ ಮುರಳೀಕೃಷ್ಣ. ಅಜ್ಜಿಯ ಕಡೆ ತಿರುಗಿ, ಒಂದು ಇಂಗ್ಲಿಷ್ ಪದವೂ ಸೇರಿಸದೆ, "ಥೇಟ್ ನಮ್ಮಮ್ಮ ಮಾಡಿದ ಹಾಗೇ ಇದೆ ಅಜ್ಜಿ," ಎಂದ. ಕಣ್ಣು ತುಂಬಿತು, ಹಿತ್ತಲಿಗೆ ಮಾತ್ರ ಹೋಗಲಿಲ್ಲ. ಆರತಿ ಪಕ್ಕದಲ್ಲೇ ನಿಂತು ಶಿಶುವಿಹಾರದಲ್ಲಿ ಮಾಡುವ ಹಾಗೆ ತಾನೂ ಕಣ್ಣೊರೆಸಿಕೊಂಡಳು.

ಶ್ರೀರಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು.

"ಇರಬೇಕಾಗಿತ್ತು ಕಣಪ್ಪ ಆ ಮಹಾತಾಯಿ," ಎಂದರು. "ಎಳ್ಳು ಎಷ್ಟು ಕೆಂಪಗೆ ಹುರೀತಿದ್ರು ಅಂತ ಕೇಳ್ಕೋತಿದ್ದೆ."