ಮೂಗಿನೊಳಗಿನ ಒಕ್ಕಲು

“ಮೂಗೆತ್ತೇ ಮೇಲೆ. ನಾಚ್ಕೊಂಡು ನಿಂತಿದ್ದೀಯಲ್ಲ, ಮೂಗುಬೊಟ್ಟು ಚುಚ್ಚಿಸ್ಕೊಳ್ಳೋಕೆ ಬಂದಿದ್ದೀಯಾ?”

ಅಂದದ್ದು ಆಸ್ಪತ್ರೆಯ ಮ್ಯಾನೇಜರು. ಅನ್ನಿಸಿಕೊಂಡದ್ದು ಗಿಡ್ಡಕ್ಕ, ಎರಡನೇ ಮಹಡಿಯ ಸ್ಪೆಷಲ್ ವಾರ್ಡಿನ ಆಯಾ. ಲಾಂಡ್ರಿಯ ಹಿಂದಿನ ಓಣಿಯಲ್ಲಿ ಆಯಾಗಳು, ವಾರ್ಡ್‌ಬಾಯ್‌ಗಳು, ಬಟ್ಟೆ ಒಗೆಯುವವರು, ಕಸ ಎತ್ತುವವರು ಎಲ್ಲರೂ ಸಾಲಾಗಿ ನಿಂತಿದ್ದರು. ಲ್ಯಾಬಿನವನು ಹತ್ತಿ ಸುತ್ತಿದ ಕಡ್ಡಿಯನ್ನು ಒಬ್ಬೊಬ್ಬರ ಮೂಗಿಗೆ ತೂರಿಸಿ, ಕಿವಿಯ ಗುಗ್ಗೆ ತೆಗೆಯುವವನ ಹಾಗೆ ತಿರುವಿ, ಗಾಜಿನ ಕೊಳವೆಯೊಳಗೆ ಇಳಿಬಿಡುತ್ತಿದ್ದ. ಗಿಡ್ಡಕ್ಕ ಮೂಗೆತ್ತಿದಳು. ಕಣ್ಣಲ್ಲಿ ನೀರು ಬಂತು. ಅಳು ಅಲ್ಲ, ಕಡ್ಡಿ ಆಳಕ್ಕೆ ಹೋಗಿತ್ತು.

ಇಷ್ಟಕ್ಕೆಲ್ಲ ಕಾರಣ ಮಂಡಿ ಸಾಹುಕಾರರು. ಅವರಿಗೆ ಯಾವ ಮಂಡಿಯಲ್ಲೂ ವ್ಯಾಪಾರವಿರಲಿಲ್ಲ, ಕಾಲಿನ ಮಂಡಿ ಸವೆದಿತ್ತು, ಅಷ್ಟೆ. ದೊಡ್ಡ ಡಾಕ್ಟರು ಹೊಸ ಮಂಡಿ ಕೂರಿಸಿದ್ದರು. ಹೊಲಿಗೆ ಬಿಚ್ಚುವ ಹೊತ್ತಿಗೆ ಗಾಯ ಕೆಂಪಗೆ ಕುದಿಯತೊಡಗಿತು, ಆಮೇಲೆ ಬಾಯಿ ಬಿಟ್ಟು ಕೀವು ಸುರಿಸಿತು. ಒಂದು ಇಂಜೆಕ್ಷನ್ ಕೊಟ್ಟರು, ಬಗ್ಗಲಿಲ್ಲ. ಅದಕ್ಕಿಂತ ಜೋರಿನದು ಕೊಟ್ಟರು, ಅದಕ್ಕೂ ಬಗ್ಗಲಿಲ್ಲ. ಪಕ್ಕದ ರೂಮಿನ ಹೆರಿಗೆಯಾದ ಹೆಂಗಸಿನ ಹೊಲಿಗೆಗೂ ಅದೇ ಬಂತು. ಸಾಹುಕಾರರು ಆಂಬುಲೆನ್ಸ್ ತರಿಸಿಕೊಂಡು ಬೇರೆ ಆಸ್ಪತ್ರೆಗೆ ಹೋದರು. ಹೋಗುವಾಗ ವಕೀಲರನ್ನು ಕಳಿಸುತ್ತೇನೆ ಅಂದರು. ಆಗ ಶುರುವಾಯಿತು ಮೂಗಿನ ವಿಚಾರಣೆ.

“ಡಾಕ್ಟರುಗಳ ಮೂಗು ಯಾವಾಗಪ್ಪ?” ಗಿಡ್ಡಕ್ಕ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಲ್ಯಾಬಿನವನನ್ನು ಕೇಳಿದಳು.

ಅವನು ಮ್ಯಾನೇಜರ ಕಡೆ ನೋಡಿದ. ಮ್ಯಾನೇಜರು ಮುಖ ಸಿಂಡರಿಸಿದರು. “ಅವರ ಮೂಗೂ ನಿನ್ನ ಮೂಗೂ ಒಂದೇನೇ? ಓದಿರೋ ಮೂಗು ಅದು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಓದಿದ ಮೂಗನ್ನು ಗಿಡ್ಡಕ್ಕ ದಿನಾ ನೋಡುತ್ತಿದ್ದಳು. ದೊಡ್ಡ ಡಾಕ್ಟರಿಗೆ ಏನಾದರೂ ಯೋಚನೆ ಬಂದರೆ ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವ ಅಭ್ಯಾಸ. ಅವರು ತುಂಬ ಯೋಚಿಸುವವರು. ಯೋಚಿಸಿ ಮುಗಿದ ಮೇಲೆ ಅದೇ ಬೆರಳಿನಿಂದ ಗಾಯದ ಅಂಚು ಒತ್ತಿ, “ಹೇಗಿದೀರಿ ಯಜಮಾನ್ರೇ?” ಎಂದು ಕೇಳುತ್ತಿದ್ದರು.

ಫಲಿತಾಂಶ ಬಂದ ದಿನ ಗಿಡ್ಡಕ್ಕನಿಗೆ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಹೊಸ್ತಿಲು ದಾಟಲು ಬಿಡಲಿಲ್ಲ. “ಅಲ್ಲೇ, ಅಲ್ಲೇ ನಿಲ್ಲು,” ಎಂದು ಮ್ಯಾನೇಜರು ಕುರ್ಚಿಯನ್ನೇ ಹಿಂದಕ್ಕೆ ಜರುಗಿಸಿಕೊಂಡರು. ಮಾತಾಡುವ ಕೆಲಸ ಲ್ಯಾಬಿನವನ ತಲೆಗೆ ಬಿತ್ತು.

“ನಿನ್ನ ಮೂಗಲ್ಲಿ ಅದೇ ಕ್ರಿಮಿ ಇದೆ ಅಕ್ಕ.”

“ನಂಗೆ ನೆಗಡಿನೂ ಇಲ್ಲವಲ್ಲಪ್ಪ?”

“ನಿಂಗೇನೂ ಮಾಡಲ್ಲ. ಸುಮ್ನೆ ಕೂತಿರುತ್ತೆ. ಮೂಗು ಮುಟ್ಕೊಂಡ ಕೈಯಲ್ಲಿ ಇನ್ನೊಬ್ರ ಗಾಯ ಮುಟ್ಟಿದ್ರೆ ಅಲ್ಲಿಗೆ ಹೋಗುತ್ತೆ. ಹಾಸಿಗೆ, ಟವೆಲು, ಹೀಗೇ ಹರಡುತ್ತೆ. ಸಾಮಾನ್ಯ ಔಷಧಿಗೆಲ್ಲ ಸಾಯಲ್ಲ ಅದು.”

“ಬಾಡಿಗೆ ಕೊಡದೆ ಒಕ್ಕಲು ಕೂತಿದ್ದಾನೆ ಅನ್ನು.”

ಲ್ಯಾಬಿನವನಿಗೆ ನಗು ಬಂತು, ಕೆಮ್ಮಿದ. ಮ್ಯಾನೇಜರು ಮೇಜಿನ ಮೇಲಿಂದ ಒಂದು ಮುಲಾಮಿನ ಟ್ಯೂಬನ್ನು ಬೆರಳ ತುದಿಯಲ್ಲಿ ತಳ್ಳಿದರು. ಅದು ನೆಲಕ್ಕೆ ಬಿತ್ತು. “ಮೂಗಿಗೆ ಸವರ್ಕೋ. ಮೂಗು ಶುದ್ಧ ಆದಮೇಲೆ ನೋಡೋಣ. ಅಲ್ಲಿವರೆಗೆ ಕೆಲಸಾನೂ ಇಲ್ಲ, ಸಂಬಳಾನೂ ಇಲ್ಲ. ನಿಮ್ಮ ಗಲ್ಲಿಯ ಕೊಳೇನೆಲ್ಲ ಹೊತ್ಕೊಂಡು ಬಂದು ನನ್ನ ಆಸ್ಪತ್ರೆ ಮುಳುಗಿಸಿದ್ದೀರಿ, ದರಿದ್ರದವು.”

ಮೂಗಿಗೆ ತುಪ್ಪ ಸವರುವುದನ್ನು ಗಿಡ್ಡಕ್ಕ ಈ ಆಸ್ಪತ್ರೆಯಲ್ಲಿ ಬೇಕಾದಷ್ಟು ಕಂಡಿದ್ದಳು. ಕೆಲಸ ಕಾಯಂ ಮಾಡುತ್ತೇವೆ ಅಂದಿದ್ದರು, ಕೈಗೆ ಹೊಸ ಗ್ಲೌಸು ಕೊಡುತ್ತೇವೆ ಅಂದಿದ್ದರು. ಕೈಗೆ ಸಿಗುವಂಥದ್ದು ಕೊಟ್ಟಿದ್ದು ಇದೇ ಮೊದಲು. ಬಗ್ಗಿ ಟ್ಯೂಬು ಎತ್ತಿಕೊಂಡಳು. ಆದರೆ ಅವಳ ಮನಸ್ಸಿನಲ್ಲಿದ್ದದ್ದು ಬೇರೆ ಮಾತು.

“ಸಾರ್, ನನ್ನ ತಂಗಿ. ನಿಮ್ಮ ಲಾಂಡ್ರಿಲೇ ಇದ್ದಾಳಲ್ಲ, ಅವಳು. ಸಾಹುಕಾರರ ರೂಮಿನ ಬೆಡ್‌ಶೀಟೆಲ್ಲ ಬರಿಗೈಲಿ ಒಗೆದಳು. ತೊಡೆ ಮೇಲೆ ಕುರು ಎದ್ದಿದೆ. ಜ್ವರ ಬಿಡ್ತಾ ಇಲ್ಲ. ಒಂದು ಸಲ ದೊಡ್ಡ ಡಾಕ್ಟರು ನೋಡಿದ್ರೆ…”

ಮ್ಯಾನೇಜರ ಮುಖ ಅರಳಿತು. “ನೋಡಿದ್ಯೇನಯ್ಯಾ? ಮನೆಯಿಂದಲೇ ತಂದಿರೋದು! ನಾನು ಹೇಳ್ಲಿಲ್ವಾ? ಇಬ್ಬರಿಗೂ ಗೇಟ್ ಬಂದ್. ವಾಚ್‌ಮನ್‌ಗೆ ಹೇಳು.”

ತಂಗಿ ಮನೆಯಲ್ಲಿ ಗೋಡೆಗೆ ಒರಗಿ, ಒಂದು ಕಾಲು ಚಾಚಿ ಕೂತಿದ್ದಳು. ಗಿಡ್ಡಕ್ಕ ನಡೆದದ್ದೆಲ್ಲ ಹೇಳಿದಳು.

“ಅಂದ್ರೆ ನಿನ್ನ ಮೂಗೂ ನನ್ನ ತೊಡೆನೂ ಸೇರ್ಕೊಂಡು ಅಷ್ಟು ದೊಡ್ಡ ಆಸ್ಪತ್ರೆ ಮುಳುಗಿಸಿದ್ವಾ ಅಕ್ಕ? ಇಷ್ಟು ದಿನ ನಮ್ಮ ಕೈಲಿ ಏನೂ ಆಗಲ್ಲ ಅಂತಿದ್ದೆಯಲ್ಲೇ.”

ಆ ಕುರು ಮೊದಲಿಗೆ ಏನೋ ಹುಳ ಕಚ್ಚಿದ ಹಾಗಿತ್ತು. ಕೆರೆದಳು. ಮಾರನೆಯ ದಿನ ಗಟ್ಟಿಯಾಗಿ ಕೆಂಪಗೆ ಊದಿ, ಮುಟ್ಟಿದರೆ ಸುಡುತ್ತಿತ್ತು. ಲಾಂಡ್ರಿಯಲ್ಲಿ ರಜೆ ಕೇಳಿದ್ದಕ್ಕೆ ಮೇಸ್ತ್ರಿ, “ತೊಡೆ ತೋರಿಸು, ನೋಡಿ ಕೊಡ್ತೀನಿ,” ಅಂದ ಬೋಳಿಮಗ. ರಜೆಯ ಆಸೆ ಬಿಟ್ಟು ಮೆಡಿಕಲ್ ಶಾಪಿನವನ ಹತ್ತಿರ ಬಿಡಿ ಮಾತ್ರೆ ತಂದು ನುಂಗಿದಳು. ಊತ ಇಳಿಯಿತು. ಇಳಿಯಿತಲ್ಲ ಎಂದು ಉಳಿದ ಮಾತ್ರೆಯನ್ನು ಹಲ್ಲುನೋವಿನ ಪಕ್ಕದ ಮನೆಯವಳಿಗೆ ಕೊಟ್ಟಳು. ಆ ಗಲ್ಲಿಯಲ್ಲಿ ಸಕ್ಕರೆ, ಸಾಸಿವೆಯ ಹಾಗೆ ಮಾತ್ರೆಗಳೂ ಕೈಬದಲು ಓಡಾಡುತ್ತಿದ್ದವು. ಕುರು ಮತ್ತೆ ಎದ್ದಿತು, ಈ ಸಲ ಸೇಡು ತೀರಿಸಿಕೊಳ್ಳುವಂತೆ. ಅದೇ ಮಾತ್ರೆ ಮತ್ತೆ ತಂದಳು. ಕುರುವಿಗೆ ಅದರ ಪರಿಚಯವಾಗಿಬಿಟ್ಟಿತ್ತು. ಕೀವು ಕಟ್ಟಿ, ಕೆಂಪು ಮೊಳಕಾಲಿನವರೆಗೆ ಹರಿದು ಬಂದಿತ್ತು.

ಸುದ್ದಿ ಗಿಡ್ಡಕ್ಕನಿಗಿಂತ ಮೊದಲು ಗಲ್ಲಿ ಮುಟ್ಟಿತ್ತು. ಸಂಜೆ ನಲ್ಲಿಯ ಹತ್ತಿರ ಕೊಡ ಹಿಡಿದು ಹೋದಾಗ ಸಾಲು ದೊಡ್ಡದಿತ್ತು. ಅವಳನ್ನು ಕಂಡದ್ದೇ ಪಕ್ಕದ ಮನೆಯವಳು ಮಗುವನ್ನು ಸೊಂಟಕ್ಕೆಳೆದುಕೊಂಡಳು. ಮಾತ್ರೆ ಇಸಿದುಕೊಂಡಿದ್ದವಳು ಅವಳೇ.

“ಮೂಗಲ್ಲಿ ಹುಳ ಬಿದ್ದಿದೆಯಂತೆ ಇವಳಿಗೆ. ಆ ಕಡೆ ನಿಲ್ಲೇ, ಮುಂಡೇದೆ.”

“ನಾನು ನಿಂತಲ್ಲೇ ನಿಂತಿದ್ದೀನಿ ತಾಯಿ. ನೀವೇ ಜರುಗ್ತಾ ಇದ್ದೀರಿ.”

ನಿಜವಾಗಿ ಜರುಗುತ್ತಿದ್ದರು. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಸಾಲಿನ ಕೊನೆಯಲ್ಲಿದ್ದ ಗಿಡ್ಡಕ್ಕ ನೋಡುತ್ತಿದ್ದಂತೆಯೇ ಮೊದಲಿನವಳಾದಳು. ನಲ್ಲಿ ಅವಳೊಬ್ಬಳಿಗಾಗಿಯೇ ಸುರಿಯುತ್ತಿತ್ತು. ಕೊಡ ತುಂಬಿ ಹೊರಚೆಲ್ಲಿದರೂ ಅವಳಿಗೆ ತಿಳಿಯಲಿಲ್ಲ. ಏನೋ ಯೋಚಿಸುತ್ತಿದ್ದಳು.

ಮನೆಗೆ ಬಂದರೆ ತಂಗಿ ಚಾಪೆಯ ಮೇಲೆ ಮುದುರಿಕೊಂಡು ನಡುಗುತ್ತಿದ್ದಳು. ಮೈ ಕಾದ ಹೆಂಚು. “ಅಕ್ಕ, ಕಿಟಕಿ ಹಾಕೆ,” ಅಂದಳು. ಆ ಮನೆಗೆ ಕಿಟಕಿ ಇರಲಿಲ್ಲ.

ಗಿಡ್ಡಕ್ಕ ತಡಮಾಡಲಿಲ್ಲ. ತರಕಾರಿಯವನ ತಳ್ಳುಗಾಡಿ ಕೇಳಿದಳು. ಅವನು ಗಾಡಿ ಅಲ್ಲೇ ಬಿಟ್ಟು ದೂರ ಹೋಗಿ ನಿಂತು, “ಒಯ್ಯಿ, ಒಯ್ಯಿ, ವಾಪಸ್ ತರಬೇಡ,” ಅಂದ. ಇಷ್ಟು ಧಾರಾಳಿ ಎಂದು ಅವಳಿಗೆ ಗೊತ್ತಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಕೋಲು ಅಡ್ಡ ಹಿಡಿದ. ಒಟ್ಟಿಗೆ ಕೂತು ಟೀ ಕುಡಿದವನು.

“ಬಿಡಬೇಡ ಅಂತ ಆರ್ಡರ್ ಇದೆ ಕಣಕ್ಕ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

“ನಿನ್ನ ಕೆಲಸ ನೀನು ಮಾಡಣ್ಣ. ಬಾ, ಹಿಡ್ಕೊಂಡು ಆಚೆ ಹಾಕು.”

ವಾಚ್‌ಮನ್ ಅವಳ ಮೂಗು ನೋಡಿದ. ತಂಗಿಯ ತೊಡೆಗೆ ಸುತ್ತಿದ ಒದ್ದೆ ಬಟ್ಟೆ ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ. ಕೋಲು ತಾನಾಗಿಯೇ ಕೆಳಗಿಳಿಯಿತು.

ತಂಗಿಯ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ಗಿಡ್ಡಕ್ಕ ಮುಂಬಾಗಿಲಿನಿಂದಲೇ ಒಳಗೆ ನಡೆದಳು. ಕೆಲಸಕ್ಕೆ ಸೇರಿದಂದಿನಿಂದ ಆ ಬಾಗಿಲನ್ನು ಒರೆಸಿದ್ದಳೇ ಹೊರತು ದಾಟಿರಲಿಲ್ಲ. ಲಿಫ್ಟಿನಲ್ಲಿದ್ದ ನರ್ಸು, “ಅಯ್ಯೋ, ಇವಳು,” ಎನ್ನುತ್ತ ಹೊರಗೆ ಹಾರಿದಳು. ಅವಳ ಹಿಂದೆ ಉಳಿದವರೂ. ಎರಡನೇ ಮಹಡಿಯಲ್ಲಿ ಸಾಹುಕಾರರ ರೂಮು ಕ್ರಿಮಿ ಸಾಯಲೆಂದು ಔಷಧಿಯ ಹೊಗೆ ಹಾಕಿಸಿಕೊಂಡು ಖಾಲಿ ಬಿದ್ದಿತ್ತು. ತಂಗಿಯನ್ನು ಮಂಚದ ಮೇಲೆ ಮಲಗಿಸಿ, ಕಂಬಳಿ ಎಳೆದು, ಫ್ಯಾನ್ ಆರಿಸಿದಳು. ತಾನು ಬಾಗಿಲಿಗೆ ಎದುರಾಗಿ, ನೋಡಲು ಬಂದವರಿಗೆಂದು ಇಟ್ಟಿದ್ದ ಸೋಫಾದಲ್ಲಿ ಕೂತಳು.

“ಇಷ್ಟು ಮೆತ್ತಗಿರುತ್ತಾ ಅಕ್ಕ ಇದು?” ತಂಗಿ ಬೆಡ್‌ಶೀಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಹಿಂಡುವಾಗ ಗೋಣಿಚೀಲದ ಹಾಗಿರ್ತಿತ್ತು.”

ಮ್ಯಾನೇಜರು ಓಡಿ ಬಂದರು. ಬಾಗಿಲವರೆಗೆ ಓಡಿದವರು ಅಲ್ಲಿ ನಿಂತು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. “ಎದ್ದೇಳೇ, ಬೇವಾರ್ಸಿ! ಯಾವ ರೂಮು ಅಂದ್ಕೊಂಡಿದ್ದೀಯ ಇದು? ಏಯ್, ಯಾರ್ರೀ ಅಲ್ಲಿ, ಎಳೆದು ಹಾಕ್ರೋ ಇವಳನ್ನ.”

ಕಾರಿಡಾರಿನಲ್ಲಿ ವಾರ್ಡ್‌ಬಾಯ್‌ಗಳು ಇಬ್ಬರಿದ್ದರು. ಒಬ್ಬ ಗೋಡೆ ನೋಡಿದ. ಇನ್ನೊಬ್ಬ, “ಗ್ಲೌಸ್ ಕೊಡಿ ಸಾರ್,” ಅಂದ.

ಗ್ಲೌಸು ಇರಲಿಲ್ಲ.

ದೊಡ್ಡ ಡಾಕ್ಟರನ್ನು ಕರೆಸಿದರು. ಅವರು ಮ್ಯಾನೇಜರ ಹೆಗಲ ಮೇಲಿಂದ ಇಣುಕಿ, ಅಷ್ಟು ದೂರದಿಂದಲೇ ರೋಗಿಯನ್ನು ಪರೀಕ್ಷಿಸಿದರು. “ಈಗಲೇ ಕೊಯ್ದು ಕೀವು ತೆಗೀಬೇಕು. ರಕ್ತಕ್ಕೆ ಹೋದ ಹಾಗಿದೆ. ಸಾಹುಕಾರರಿಗೆ ಕೊಟ್ಟಿದ್ದಕ್ಕಿಂತ ದೊಡ್ಡ ಇಂಜೆಕ್ಷನ್ ಬೇಕಾಗುತ್ತೆ.” ಆಮೇಲೆ ದನಿ ತಗ್ಗಿಸಿದರು. “ನೋಡಮ್ಮ, ಇವಳನ್ನ ಹಿಂದಿನ ಶೆಡ್ಡಿಗೆ ಕರ್ಕೊಂಡು ಹೋಗು. ಅಲ್ಲಿ ವ್ಯವಸ್ಥೆ ಮಾಡೋಣ. ಇಲ್ಲಿ ಅಡ್ಮಿಟ್ ಮಾಡಿದ್ರೆ, ರೋಗ ಇಲ್ಲೇ ಅಂಟಿದ್ದು ಅಂತ ಆಗುತ್ತೆ. ಅರ್ಥ ಆಯ್ತಾ?”

“ಆಯ್ತು ಡಾಕ್ಟರೇ. ಶೆಡ್ಡಿಗೆ ಹೋದ್ಮೇಲೆ ನಮ್ಮನ್ನ ಮರೀತೀರಿ. ಇಂಜೆಕ್ಷನ್ ಇಲ್ಲಿಗೇ ಬರ್ಲಿ.”

“ಪೊಲೀಸ್ ಕರೀತೀನಿ,” ಮ್ಯಾನೇಜರು ಕರವಸ್ತ್ರದೊಳಗಿಂದಲೇ ಗದರಿದರು.

“ಕರೀರಿ. ಅವರಿಗೂ ಮೂಗಿದೆ.”

ದೊಡ್ಡ ಡಾಕ್ಟರಿಗೆ ಯೋಚನೆ ಬಂತು. ಎರಡು ಬೆರಳು ಮೂಗಿನ ಕಡೆ ಎದ್ದು, ಅರ್ಧದಲ್ಲೇ ನಿಂತವು.

ಅಷ್ಟರಲ್ಲಿ ಗಿಡ್ಡಕ್ಕನ ಮೂಗಿನೊಳಗೆ ಕಚಗುಳಿ ಇಟ್ಟ ಹಾಗಾಯಿತು. ಹೊಗೆ ಹಾಕಿದ ಔಷಧಿಯ ಘಾಟೋ, ಮುಲಾಮೋ, ಅವಳಿಗೂ ಗೊತ್ತಾಗಲಿಲ್ಲ. ಕಣ್ಣು ಕಿರಿದಾಯಿತು, ಬಾಯಿ ತೆರೆಯಿತು. ಬಾಗಿಲಲ್ಲಿದ್ದವರು ಒಬ್ಬರ ಕಾಲು ಒಬ್ಬರು ತುಳಿಯುತ್ತ ಹಿಂದೆ ಸರಿದರು, ಓದಿದವರು ಎಲ್ಲರಿಗಿಂತ ಮೊದಲು.

ಸೀನು ಬರಲಿಲ್ಲ. ಹಿಂದೆ ಸರಿದವರು ಮುಂದೆ ಬರಲಿಲ್ಲ. ಇಂಜೆಕ್ಷನ್ನೂ ಬರಲಿಲ್ಲ. ಬಾಯಿ ತೆರೆದುಕೊಂಡೇ ಗಿಡ್ಡಕ್ಕ ಕಾಯುತ್ತಿದ್ದಳು. ಬೆನ್ನ ಹಿಂದೆ, ಅಷ್ಟು ಮೆತ್ತಗಿನ ಹಾಸಿಗೆಯಲ್ಲಿ, ತಂಗಿಯ ಹಲ್ಲು ಕಟಕಟ ಎನ್ನುತ್ತಲೇ ಇತ್ತು.