ಸರಸಮ್ಮನ ಬೆವರು

ಸೋಲೂರಿನ ಸುತ್ತ ಹೊಲ ಹೊಲವೂ ಹಿಪ್ಪುನೇರಳೆಯಾದ ವರ್ಷಗಳು. ರಾಗಿ ಹೋಯಿತು, ಹೆಂಗಸರ ನಿದ್ದೆ ಹೋಯಿತು. ಸರಸಮ್ಮನಿಗೆ ಅಳುವೂ ಹೋಗಿತ್ತು. ಸೊಪ್ಪು ಹಿಡಿದ ಕೈ ರೇಷ್ಮೆಹುಳದ ತಟ್ಟೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು.

ಮಾಗಡಿಯ ಡಾಕ್ಟರಮ್ಮ ಮಾತ್ರೆ ಕೊಟ್ಟು ಬಿಡಿಸಿ ಹೇಳಿದ್ದರು: "ಮಿದುಳಿನಲ್ಲಿ ಒಂದು ನರ ಇನ್ನೊಂದಕ್ಕೆ ರಸ ಬಿಟ್ಟು ಸುದ್ದಿ ಮುಟ್ಟಿಸುತ್ತೆ ಕಣಮ್ಮ. ಆಮೇಲೆ ಬಿಟ್ಟ ನರವೇ ಅದನ್ನ ವಾಪಸ್ ಹೀರಿಕೊಳ್ಳುತ್ತೆ. ಈ ಮಾತ್ರೆ ಆ ಹೀರೋದನ್ನ ತಡೆಯುತ್ತೆ, ರಸ ಅಲ್ಲೇ ಇನ್ನಷ್ಟು ಹೊತ್ತು ನಿಲ್ಲುತ್ತೆ. ಬಾಯಿ ಬೇಗ ಒಣಗುತ್ತೆ. ಮನಸ್ಸು ಏಳೋಕೆ ವಾರಗಟ್ಟಲೆ ಬೇಕು, ಮಿದುಳು ಹೊಂದಿಕೊಳ್ಳಬೇಕಲ್ಲ. ನಡುವೆ ಬಿಡಬೇಡ."

ಬಾಯಿ ಒಣಗಿತು. ವಾರಗಳು ಕಳೆದು ಒಂದು ಬೆಳಿಗ್ಗೆ ಸೊಪ್ಪಿನ ವಾಸನೆ ಮತ್ತೆ ಮೂಗಿಗೆ ಬಂತು. ಸಾರಿಗೆ ಉಪ್ಪು ಕಮ್ಮಿ ಎಂದು ಅವಳಿಗೇ ಗೊತ್ತಾಯಿತು.

ಆಗಲೇ ಗಂಡ ಚೆಲುವಯ್ಯ ಮಳೆಯಲ್ಲಿ ನೆಂದ ಸೊಪ್ಪನ್ನು ಆರಿಸದೆ ಹಾಕಿಬಿಟ್ಟ. ಒಂದು ತಟ್ಟೆಯ ಹುಳ ಹಸಿರು ಕಕ್ಕಿ ಸತ್ತವು. ಅತ್ತೆ ತಿಮ್ಮಮ್ಮ ಸೊಸೆಯ ಮಾತ್ರೆ ಕಿತ್ತುಕೊಂಡಳು.

"ಹೊಗೆಸೊಪ್ ಮುಟ್ಟಿದ್ ಕೈ ತಗುಲಿದ್ರೇ ಹುಳ ಕಕ್ತವೆ ಅಂತ ನಾನು ಎಲೆಅಡಿಕೆ ಚೀಲನೇ ಅಟ್ಟಕ್ ಎಸ್ದಿವ್ನಿ. ನಿನ್ ಬೆವರ್ನಾಗೆ ಔಸ್ದಿ ಐತೆ ಕಣೇ!"

"ಹಂಗಾರೆ ನಾನು ಹುಳದ್ ಮನೆಗೇ ಬರಕಿಲ್ಲ ಕಣತ್ತೆ."

"ಓಹೋ, ಮಾರಾಣಿ! ಸೊಪ್ ಹಾಕಕ್ಕೆ ನಿಮ್ಮಪ್ಪನ ಮನೆಯಿಂದ ಬತ್ತಾರಾ?"

ಚೆಲುವಯ್ಯ ತಲೆ ಎತ್ತಲಿಲ್ಲ. "ಇದೊಂದು ಬೆಳೆ ಆಗ್ಲಿ ಬುಡೇ. ಆಮ್ಯಾಕೆ ನುಂಗೀವಂತೆ."

ಅವಳ ಬೆವರಿನಲ್ಲಿ ವಿಷ ಕಂಡವರಿಗೆ ಬೆವರು ಬೇಡವಾಗಲಿಲ್ಲ. ಮಾತ್ರೆ ಮಾತ್ರ ಬೇಡವಾಯಿತು.

ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆಲ್ಲ ಬಲೆ ಬಿಗಿದ ಆ ಕೋಣೆಯಲ್ಲಿ ಸರಸಮ್ಮ ಸೊಪ್ಪು ಹಾಕಿದಳು. ಮಾತ್ರೆ ನಿಂತದ್ದಕ್ಕೆ ತಲೆ ಜುಮ್ಮೆಂದಿತು. ಸೊಪ್ಪಿನ ವಾಸನೆ ದಿನಕ್ಕಿಷ್ಟು ದೂರ ಸರಿದು ಕೊನೆಗೆ ಇಲ್ಲವಾಯಿತು. ಹುಳ ಬಲಿತು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರ ತಟ್ಟಿಯಲ್ಲಿ ಗೂಡು ಕಟ್ಟತೊಡಗಿದವು. ಎಂದೂ ಬೇಡದ್ದನ್ನು ಅವಳು ಬೇಡಿದಳು: ಬೆಳೆ ಕೆಡಲಿ. ಕೆಟ್ಟರೆ, ತಪ್ಪು ಮಾತ್ರೆಯದಲ್ಲ ಎಂದಾಗುತ್ತದೆ.

ಕೆಡಲಿಲ್ಲ. ರಾಮನಗರದ ಮಾರ್ಕೆಟ್ಟಿನಲ್ಲಿ ಅಂಥ ಗೂಡು ಅಂದು ಬೇರೆ ಯಾರದ್ದೂ ಇರಲಿಲ್ಲವಂತೆ. ಚೆಲುವಯ್ಯ ಹೆಂಡತಿಗೆ ಹೂವು ತಂದ.

"ನೋಡ್ದೇನೇ? ಮಾತ್ರೆ ಬುಟ್ಟೆ, ಲಕ್ಷ್ಮಿ ಬಂದ್ಳು," ಎಂದಳು ತಿಮ್ಮಮ್ಮ, ಅಟ್ಟದಿಂದ ಚೀಲ ಇಳಿಸುತ್ತ.

"ಬೆಳೆ ಆಯ್ತಲ್ಲ. ನನ್ ಮಾತ್ರೆ ಕೊಡತ್ತೆ."

"ಆಗ್ಲೇ ಒಲೆಗಾಕ್ದೆ. ಇನ್ಯಾಕೆ? ನಾಳೀಕೆ ಹೊಸ ಮೊಟ್ಟೆ ಬತ್ತವೆ."

ತಿಮ್ಮಮ್ಮ ಹೊಗೆಸೊಪ್ಪಿಗೆ ಸುಣ್ಣ ಸವರಿ ದವಡೆಗಿಟ್ಟುಕೊಂಡಳು. ರಸ್ತೆಯಲ್ಲಿ ಮಾಗಡಿಯ ಬಸ್ಸು ಹಾರನ್ ಹೊಡೆದು ಹೊರಟಿತು. ಹೂವು ಮುಡಿದಿದ್ದ ಸರಸಮ್ಮ ರೋಗ ಒಳಬರದಂತೆ ಹುಳದ ಮನೆಯ ಹೊಸ್ತಿಲಿಗೆ ಹಾಕಿದ್ದ ಸುಣ್ಣದ ಪುಡಿ ತುಳಿದು, ಖಾಲಿ ತಟ್ಟೆಗಳನ್ನು ತೊಳೆಯಲು ಒಳಗೆ ಹೋದಳು.