ಬ್ಯಾಕಪ್ಪಿನಲ್ಲಿ ಉಳಿದ ದಿನ

ಕಂಪ್ಯೂಟರಿನ ಪರದೆಯಲ್ಲಿ ನೀಲಿ ಗೆರೆ ಮುಕ್ಕಾಲಿಗೆ ಬಂದು ಅಲ್ಲೇ ನಿಂತಿದೆ, ನಿಂತರೂ ನಿಲ್ಲಲಿ, ಅದು ತುಂಬಿತೆಂದರೆ ದಸೋಲ್ ಆ ಮನುಷ್ಯನ ಕಡೆ ತಿರುಗಿ ಏನಾದರೂ ಹೇಳಬೇಕಾಗುತ್ತದೆ, ಬೆಳಿಗ್ಗೆ ತಾಯಿಯನ್ನು ಕಳೆದುಕೊಂಡವರಿಗೆ ಏನು ಹೇಳುವುದು, ಯಾರಿಗೂ ಹೇಳದ ಅವಳ ಭಯ ಇಷ್ಟೇ — ಬೇಕಾದ ಹೊತ್ತಿಗೆ ಬೇಕಾದ ಮಾತು ತನಗೆ ಬರುವುದೇ ಇಲ್ಲ ಎಂಬುದು. ಅವರು ಗು, ಮೊಕ್ಪೊ ಬಂದರಿನಲ್ಲಿ ಮೀನು ಹರಾಜು ಕೂಗುವವರು, ಮೇಲೆ ಕಪ್ಪು ಕೋಟು, ಕಾಲಲ್ಲಿ ಇನ್ನೂ ಹರಾಜಿನ ರಬ್ಬರು ಬೂಟು, ಫೋಟೋ ಸ್ಟುಡಿಯೋದ ಒಡೆಯ ಪ್ಯೋ ಮಾಮನ ಮುಂದೆ ಅದೇ ಅದೇ ಹೇಳುತ್ತಿದ್ದಾರೆ, ಅಮ್ಮ ಪಟಕ್ಕೆ ಕಟ್ಟು ಹಾಕಿಸ್ಕೊಂಡಿದ್ಲು ಮಾಮ, ಎಲ್ಲಿ ಬಚ್ಚಿಟ್ಟಿದಾಳೋ, ಮನೆಯೆಲ್ಲ ತಡಕಾಡಿದ್ವಿ, ಅಲ್ಲಿ ಅಂತ್ಯಕ್ರಿಯೆ ಹಾಲಲ್ಲಿ ಬಿಳಿ ಸೇವಂತಿಗೆ ಎಲ್ಲ ಜೋಡಿಸಿ ಆಯ್ತು, ನಡುವೆ ಪಟದ ಜಾಗ ಖಾಲಿ, ಜನ ಬಂದು ಖಾಲಿಗೇ ಬಗ್ಗಿ ನಮಸ್ಕಾರ ಮಾಡ್ತಿದಾರೆ. ಗು ಅವರ ತಾಯಿ, ಆ ಅಜ್ಜಿ, ಓ ಬೊಕ್‌ಸೂನ್, ಸಾವಿನ ದಿನಕ್ಕೆಂದು ಬದುಕಿದ್ದಾಗಲೇ ತೆಗೆಸಿಡುವ ದೀರ್ಘಾಯುಷ್ಯದ ಪಟಕ್ಕೆಂದು ಬಂದ ದಿನ ದಸೋಲಿಗೆ ನೆನಪಿದೆ, ನನ್ನ ಸೊಸೆ ಈ ಮುಖಕ್ಕೇ ತಲೆ ಬಾಗಿಸ್ಬೇಕು, ಸ್ವಲ್ಪ ಗತ್ತು ಬರೋ ಹಾಗೆ ತೆಗಿಯಪ್ಪ, ಎಂದು ನಕ್ಕಿದ್ದರು, ಸ್ಟುಡಿಯೋದ ಹಸಿರು ರೇಷ್ಮೆ ಜಾಕೀಟು ಎಲ್ಲರಿಗೂ ಅದೊಂದೇ, ಅಜ್ಜಿಯರಿಗೆ ಅದು ದೊಗಲೆ, ಬೆನ್ನ ಹಿಂದೆ ಬಟ್ಟೆ ಹಿಡಿದೆಳೆದು ಕ್ಲಿಪ್ಪು ಹಾಕುವುದು ಅವಳ ಕೆಲಸ, ಒಂದು, ಹೆಚ್ಚೆಂದರೆ ಎರಡು, ಮುಂದಿನಿಂದ ಏನೂ ಕಾಣುವುದಿಲ್ಲ, ಸತ್ತಮೇಲೆ ಎಲ್ಲರೂ ಮುಂದಿನಿಂದಲೇ ತಾನೇ ನೋಡುವುದು — ಗೆರೆ ತುಂಬಿತು.

ಹಳೇ ಕಂಪ್ಯೂಟರು ಹೋದ ವಾರ ಸತ್ತುಹೋಗಿತ್ತು, ಅದರ ಇಡೀ ಬ್ಯಾಕಪ್ಪು, ಹೋದ ಶರತ್ಕಾಲದ ಒಂದು ಬೆಳಿಗ್ಗೆ ಹೇಗಿತ್ತೋ ಹಾಗೆ, ಒಂದೇ ದೊಡ್ಡ ಫೈಲಾಗಿ ಬೇರೆ ಡಿಸ್ಕಿನಲ್ಲಿ ಕೂತಿದೆ, ಎಲ್ಲವನ್ನೂ ವಾಪಸ್ ತರಲು ಒಂದು ದಿನ ಬೇಕು, ಅಷ್ಟು ಪುರುಸೊತ್ತು ಯಾರಿಗಿದೆ, ಹಾಗಾಗಿ ಬೀಗ ತೆಗೆದು ಮನೆಯೊಳಗೆ ಹೋದಂತೆ ಹೋಗಿ ಬೇಕಾದದ್ದೊಂದನ್ನೇ ಎತ್ತಿಕೊಂಡು ಬರಬೇಕು, ನೋಡಬಹುದು, ಎತ್ತಿಕೊಳ್ಳಬಹುದು, ಅಲ್ಲಿರುವ ಏನನ್ನೂ ಬದಲಿಸಲಾಗದು. ದೀರ್ಘಾಯುಷ್ಯದ ಪಟಗಳ ಫೋಲ್ಡರು, ಹೆಸರುಗಳ ಸಾಲು, ಓ ಬೊಕ್‌ಸೂನ್ ಇಲ್ಲೇ ಇದ್ದಾರೆ, ಸಿಕ್ತಾ ಪುಟ್ಟಿ, ಪ್ಯೋ ಮಾಮ ಕೇಳುತ್ತಿದ್ದಾರೆ, ಅವಳು ತಲೆಯಾಡಿಸುತ್ತಾಳೆ, ಎಳೆದು ಈಚೆ ಬಿಡುತ್ತಾಳೆ, ಅಜ್ಜಿಯ ಗತ್ತಿನ ಮುಖ ಪ್ರಿಂಟರಿಗೆ ಹೋಗುತ್ತದೆ, ಮತ್ತೆ ಅದರ ಕೆಳಗೇ, ಮುಂದಿನ ಹೆಸರು, ಜೊನ್ ಗೂಮ್‌ಹೀ. ತನ್ನಮ್ಮನ ಹೆಸರು. ಊರಲ್ಲಿ ಆ ಹೆಸರಿನವರು ಇನ್ನೊಬ್ಬರು ಇರಬಾರದೇ, ಇರಬಹುದು, ಅಮ್ಮನಿಗೆ ಇನ್ನೂ ಅರವತ್ತಾಗಿಲ್ಲ, ಅಮ್ಮ ಈ ಹೊತ್ತಿಗೆ ಸಂತೆಯಲ್ಲಿ ಸೊಪ್ಪಿಗೆ ಮಸಾಲೆ ಹಚ್ಚುತ್ತಾ ಕೂತಿದ್ದಾಳೆ, ತಾರೀಖು ನೋಡಿದರೆ ದಸೋಲ್ ಪರೀಕ್ಷೆಗೆಂದು ಸಿಯೋಲ್ ನಗರಕ್ಕೆ ಹೋಗಿದ್ದ ದಿನ, ಹೋಗೇ, ಪಾಸಾಗಿ ಬಾ, ಎಂದು ಅಮ್ಮ ಬಸ್ಸಿನ ಕಿಟಕಿಗೆ ಬಡಿದಿದ್ದಳು, ಅವಳು ತೆರೆಯುತ್ತಾಳೆ, ತೆರೆಯಬಾರದಿತ್ತು. ಪ್ಯೋ ಮಾಮ ಬೆಳಕು ನೋಡಲು ಯಾವಾಗಲೂ ಮೊದಲು ಸುಮ್ಮನೆ ಒಂದು ಕ್ಲಿಕ್ಕಿಸುತ್ತಾರೆ, ಗಿರಾಕಿ ಇನ್ನೂ ಸರಿಯಾಗಿ ಕೂತಿರುವುದಿಲ್ಲ, ಅಮ್ಮನೂ ಕೂತಿಲ್ಲ, ಸ್ಟೂಲು ಸರಿಪಡಿಸಲು ತಿರುಗಿದ್ದಾಳೆ, ಹಸಿರು ರೇಷ್ಮೆ, ಕುತ್ತಿಗೆಯಿಂದ ಸೊಂಟದ ತನಕ ಕ್ಲಿಪ್ಪು, ಕ್ಲಿಪ್ಪು, ಕ್ಲಿಪ್ಪು, ಮಾಂಸ ಬಿಡಿಸಿದ ಮೀನಿನ ಬೆನ್ನುಮೂಳೆ.

ಡಯಟ್ ಕಣೇ, ಅಮ್ಮ ಅಂದಿದ್ದಳು, ನಿನ್ನಂಥ ಹೊಟ್ಟೆಬಾಕಿಗೆ ಬಡಿಸಿ ಬಡಿಸಿ ನನಗೆ ಎಲ್ಲಿ ಉಳೀತದೆ, ಮತ್ತೆ ಬೀರುವಿನ ಮೇಲೆ ಗುಲಾಬಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟ ಚಪ್ಪಟೆ ವಸ್ತು, ಏನಮ್ಮಾ ಅದು, ಕನ್ನಡಿ, ಮುಟ್ಬೇಡ, ಒಡೆದ್ಹೋಗತ್ತೆ — ಕನ್ನಡಿ — ದಸೋಲ್ ಒಪ್ಪಿಕೊಂಡಿದ್ದಳು, ಅಮ್ಮನ ಲಂಗದ ಪಟ್ಟಿ ಎರಡು ಮಡಿಕೆಯಾದದ್ದನ್ನೂ, ಅಮ್ಮನ ತಟ್ಟೆಯ ಅನ್ನ ತನ್ನ ತಟ್ಟೆಗೆ ದಾಟುತ್ತಿದ್ದುದನ್ನೂ, ಮಂಗಳವಾರಗಳ ಆಸ್ಪತ್ರೆಯ ವಾಸನೆ ಬರೀ ಮೊಣಕಾಲಿನ ಮುಲಾಮಿನದೆಂಬುದನ್ನೂ, ಕೇಳದಿದ್ದರೆ ಇರುವುದಿಲ್ಲವೆಂಬಂತೆ. ಬೆನ್ನ ಹಿಂದೆ ಪ್ಯೋ ಮಾಮನ ಉಸಿರು, ಪರದೆ ಕಂಡಿರಬೇಕು, ಅವರು ಬಹಳ ಮೆತ್ತಗೆ ಹೇಳುತ್ತಿದ್ದಾರೆ, ಅದನ್ನ ಅಳಿಸಿದ್ನಲ್ಲ ಪುಟ್ಟಿ, ಕಟ್ಟು ಹಾಕಿದ ಪಟ ಒಯ್ಯೋಕೆ ಬಂದಾಗ ನಿಮ್ಮಮ್ಮ ಕೈ ಹಿಡ್ಕೊಂಡು ಅಳಿಸು ಅಂದ್ಲು, ಅವಳೆದುರಿಗೇ ಅಳಿಸ್ದೆ, ಹೌದು ಮಾಮ, ನೀವು ಅಳಿಸಿದಿರಿ, ಅಷ್ಟರಲ್ಲಿ ಬ್ಯಾಕಪ್ಪು ಆಗಿಹೋಗಿತ್ತು, ಅಲ್ಲಿ ಅಮ್ಮ ಇನ್ನೂ ಸ್ಟೂಲು ಸರಿಪಡಿಸುತ್ತಿದ್ದಾಳೆ, ಅಲ್ಲಿ ಯಾರೂ ಏನನ್ನೂ ಬದಲಿಸಲಾಗದು. ಗು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ, ರಬ್ಬರು ಬೂಟು ನೆಲಕ್ಕೆ ಕಿರಗುಟ್ಟುತ್ತದೆ, ಇಲ್ಲೂ ಬೈಯೋಕೆ ರೆಡಿಯಾಗಿ ಕೂತಿದಾಳೆ ನೋಡಿ, ಎಂದು ನಗಲು ಹೋಗಿ ಅಳುತ್ತಾರೆ, ಅವರಿಗೆ ಹೇಳಬೇಕಿದ್ದ ಮಾತನ್ನು ಅವಳು ಹುಡುಕುತ್ತಲೇ ಇಲ್ಲ, ಮೊಬೈಲು ನಡುಗುತ್ತಿದೆ, ಅಮ್ಮ, ದಿನಾ ಊಟದ ಹೊತ್ತಿಗೆ ಇದೇ ಒಂದು ಪ್ರಶ್ನೆ, ಉಂಡ್ಯಾ, ದಿನಾ ಇದೇ ಒಂದು ಸುಳ್ಳು, ಹ್ಞೂಂ ಉಂಡೆ, ನೀನು, ನಂದೂ ಆಯ್ತು, ಇಬ್ಬರೂ ಉಂಡಿಲ್ಲ, ಇಬ್ಬರಿಗೂ ಗೊತ್ತು, ಕಿವಿಗೆ ಹಿಡಿಯುತ್ತಾಳೆ, ಸಂತೆಯ ಗದ್ದಲ, ಯಾರೋ ಸೊಪ್ಪಿನ ರೇಟು ಕೇಳುತ್ತಿದ್ದಾರೆ, ಗದ್ದಲದ ನಡುವಿನಿಂದ ಆ ಧ್ವನಿ, ಉಂಡ್ಯಾ ಮಗಳೇ, ಹ್ಞೂಂ ಎನ್ನಲು ಬಾಯಿ ತೆರೆಯುತ್ತದೆ, ಕಣ್ಣು ಪರದೆಯಲ್ಲಿ, ಹಸಿರು ರೇಷ್ಮೆ, ಕುತ್ತಿಗೆಯಿಂದ ಸೊಂಟದ ತನಕ —

"ಅಮ್ಮಾ, ನಿನ್ನ ಬೆನ್ನಲ್ಲಿ ಎಷ್ಟೊಂದು ಕ್ಲಿಪ್ಪು."